ಕಾಪರ್-ಟಿ ಬಲ್ಲ ಪರಮೇಶ್ವರಿಯಕ್ಕ

ಪುತ್ತೂರಿನ ಯಾವ ಹೆರಿಗೆ ಡಾಕ್ಟರರ ಬೆಂಚಿನಲ್ಲಿ ಕೂತರೂ ನಿಮಗೊಬ್ಬರು ಪರಮೇಶ್ವರಿಯಕ್ಕ ಸಿಗುತ್ತಾರೆ. ನನಗೆ ಸಿಕ್ಕವರ ಪಕ್ಕದಲ್ಲಿ ಅವರ ಅತ್ತೆಯೂ ಇದ್ದರು. ಸೊಸೆಗೆ ಗಂಡು ಮಗುವಾಗಲೆಂದು ಮದ್ದು ಮಾಡಿಸಲು ತಿಂಗಳು ತಿಂಗಳೂ ಕರೆತರುವವರು ಅವರೇ. ಕಾಪರ್-ಟಿ ಹಾಕಿಸಲು ಬಂದವರನ್ನು ಪರಮೇಶ್ವರಿಯಕ್ಕ ಮುಖ ನೋಡಿಯೇ ಗುರುತು ಹಿಡಿಯುತ್ತಾರೆ. "ಎಂತ ಮಾರಾಯ್ತಿ, ಜೀವ ಬೇಡವಾ ನಿನಗೆ? ಆಲೆಟ್ಟಿಯಲ್ಲಿ ಒಬ್ಬಳಿಗೆ ಅದು ಮೇಲೆ ಹೋಗಿ ಎದೆಯಲ್ಲಿ ಕೂತಿದೆಯಂತೆ. ಉಸಿರು ತೆಗೊಂಡ್ರೆ ಟಿಣ್ ಅಂತ ಕೇಳ್ತದಂತೆ!" ಕಡಬದವಳದ್ದು ತುಕ್ಕು ಹಿಡಿದಿತ್ತು. ಕೊಯಿಲದವಳ ಮಗು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹುಟ್ಟಿತ್ತು. ಇವರ ಕಥೆಯಲ್ಲಿ ಯಾರಿಗೂ ಹೆಸರಿಲ್ಲ, ಊರು ಮಾತ್ರ ಇದೆ. ಅತ್ತೆ ಪ್ರತಿಯೊಂದಕ್ಕೂ ಹೌದೌದೆಂದು ತಲೆಯಾಡಿಸುತ್ತಾರೆ. "ದೇವರು ಕೊಡುದನ್ನು ಬೇಡ ಹೇಳ್ಲಿಕ್ಕೆ ನಾವು ಯಾರು? ನನಗೆ ಎರಡೂ ಹೆಣ್ಣು. ಚಿಕ್ಕವಳಿಗೆ ಹನ್ನೊಂದು ನಡೀತಾ ಉಂಟು, ಇನ್ನೂ ಕಾಯ್ತಾ ಇದ್ದೇವೆ" ಎಂದು ಪರಮೇಶ್ವರಿಯಕ್ಕ ಹೇಳುವಾಗ ಅತ್ತೆಯ ಕಣ್ಣು ತುಂಬಿಬಂತು. ಕಾಪರ್-ಟಿ ಹಾಕಿಸಲೆಂದೇ ಬಂದಿದ್ದ ನಾನು ಬೆವರುತ್ತಲೇ ಒಳಗೆ ಹೋದೆ. ಮುಟ್ಟಿನ ಮೊದಲ ದಿನದಂತೆ ಕಿಬ್ಬೊಟ್ಟೆ ಒಮ್ಮೆ ಹಿಂಡಿತು; ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಸ್ವಲ್ಪ ಹೊತ್ತು ಮಲಗಿರಲು ಹೇಳಿದ್ದರಿಂದ ಪರದೆಯ ಹಿಂದೆ ಮಲಗಿದ್ದೆ. ಆಚೆಯಿಂದ ಪರಮೇಶ್ವರಿಯಕ್ಕನ ಪಿಸುಮಾತು ಕೇಳಿತು: "ಡಾಕ್ಟ್ರೆ, ನನ್ನದಕ್ಕೆ ಹತ್ತು ವರ್ಷ ಆಯ್ತು. ಇವತ್ತೇ ತೆಗೆದು ಹೊಸತು ಹಾಕಿಬಿಡಿ. ಬೇಗ ಆಗ್ಬೇಕು, ಹೊರಗೆ ಅತ್ತೆ ಕೂತಿದ್ದಾರೆ." ನಾನು ಹೊರಬರುವಾಗ ಅವರು ಆಗಲೇ ಬೆಂಚಿಗೆ ಮರಳಿದ್ದರು. ಒಂದು ಕೈಯಲ್ಲಿ ಕಿಬ್ಬೊಟ್ಟೆ ಒತ್ತಿಕೊಂಡು, ಆಗಷ್ಟೇ ಬಂದ ಹುಡುಗಿಯ ಕಡೆ ತಿರುಗಿ, ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು: "ಎಂತ ಮಾರಾಯ್ತಿ, ಜೀವ ಬೇಡವಾ ನಿನಗೆ?"