ಮಾವನ ರಕ್ತನಾಳ

ನನ್ನನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. ನನಗೂ ಅಷ್ಟೆ. ತೊಂಬತ್ತರ ದಶಕದಲ್ಲಿ ನಾನು ಒಂದು ಲ್ಯಾಬಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದೆ. ಬನಶಂಕರಿಯ ನನ್ನ ಗಂಡನ ಮನೆಯಲ್ಲಿ ದಿನಾ ಲಿಂಗಪೂಜೆ ನಡೆಯುತ್ತಿತ್ತು. ಸಂಜೆ ಮಾವ ಗೇಟಿನಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ, “ಇವತ್ತು ಎಷ್ಟು ಜೀವ ತೆಗೆದೆ?” ಅನ್ನುತ್ತಿದ್ದರು. ಹಿತ್ತಲ ಬಚ್ಚಲಲ್ಲಿ ತಲೆಗೆ ತಣ್ಣೀರು ಸುರಿದುಕೊಂಡೇ ನಾನು ಒಳಗೆ ಬರಬೇಕು. ಜ್ವರ ಬಂದ ದಿನವೂ ಬಿಡಲಿಲ್ಲ.

ಕೆಲಸ ಇಷ್ಟೇ. ಇಲಿಯ ಕುತ್ತಿಗೆಯ ರಕ್ತನಾಳದೊಳಗೆ ಪುಟ್ಟ ಬಲೂನು ಊದಿ ಒಳಪದರ ಕೆರೆಯುವುದು, ಕೆಲವು ವಾರ ಬಿಟ್ಟು ಕೊಂದು ನೋಡುವುದು. ಗಾಯವಾದ ನಾಳ ಸುಮ್ಮನಿರುವುದಿಲ್ಲ. ಗೋಡೆಯಲ್ಲಿರುವ ಸ್ನಾಯುಕೋಶಗಳು ಒಳಕ್ಕೆ ನುಗ್ಗಿ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತ, ಕೊಲಾಜನ್ ಎಂಬ ನಾರನ್ನು ತುಂಬುತ್ತವೆ. ಬಣ್ಣ ಹಾಕಿದರೆ ಮೈಕ್ರೋಸ್ಕೋಪಿನಡಿ ಅದು ನೀಲಿ. ಮಾಯುವ ಆತುರದಲ್ಲಿ ನಾಳ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ.

ಒಮ್ಮೆ ಮಾವನಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ಅವರ ಹೃದಯದ ಕಟ್ಟಿಕೊಂಡ ನಾಳಕ್ಕೂ ಬಲೂನು ಹಾಕಿ ಬಿಡಿಸಿದರು. ಜಯನಗರದ ನೆಂಟರೆಲ್ಲ ಸೇಬು ಹಿಡಿದು ನೋಡಲು ಬಂದರು. “ಕಸ ಕಟ್ಟಿದ್ದ ಪೈಪು, ಕ್ಲೀನ್ ಆಯ್ತು,” ಎಂದು ಮಾವ ಎಲ್ಲರಿಗೂ ಹೇಳಿದರು. ನಾನು ಸೇಬು ಹೆಚ್ಚಿ ತಟ್ಟೆಗಿಟ್ಟೆ. ಮೂರು ತಿಂಗಳಿಗೆ ಮಹಡಿ ಮೆಟ್ಟಿಲಿನ ಮಧ್ಯೆ ನಿಲ್ಲತೊಡಗಿದರು. ಚಪ್ಪಲಿ ಸರಿಮಾಡಿಕೊಳ್ಳುವ ನೆಪ, ಒಂದು ಕೈ ಮಾತ್ರ ಎದೆಯ ಮೇಲೆ. ಒಳಗೆ ಏನು ನಡೆಯುತ್ತಿದೆಯೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಿಜ ಹೇಳುತ್ತೇನೆ, ಸಂತೋಷವಾಯಿತು.

ಒಂದು ಭಾನುವಾರ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಾವ ಏದುಸಿರು ಬಿಡುತ್ತ ಬಂದು ನಿಂತರು. ಮೊದಲ ಸಲ ಅವರ ದನಿ ತಗ್ಗಿತ್ತು.

“ಬಲೂನ್ ಹಾಕಿದ ಮೇಲೆ ಆ ಇಲಿಗಳಿಗೆ ಏನಾಗುತ್ತಮ್ಮ?”

ಮತ್ತೆ ಮುಚ್ಚಿಕೊಳ್ಳುತ್ತದೆ, ನಾಳೆಯೇ ಡಾಕ್ಟರ ಹತ್ತಿರ ಹೋಗಿ ಎನ್ನಬೇಕಿತ್ತು.

“ಚೆನ್ನಾಗಿ ಓಡಾಡ್ಕೊಂಡಿರ್ತವೆ ಮಾವ. ಏನೂ ಆಗಲ್ಲ,” ಅಂದೆ.

“ಹಂಗಾದ್ರೆ ಸರಿ,” ಎಂದು ಕಂಬಿ ಹಿಡಿದುಕೊಂಡು ಕೆಳಗಿಳಿದರು. ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಾವು ಕೊಲ್ಲುವವರೆಗೆ ಇಲಿಗಳು ಓಡಾಡಿಕೊಂಡೇ ಇರುತ್ತವೆ.

ಹದಿನೈದು ದಿನಕ್ಕೆ ತರಕಾರಿ ತರಲು ಹೋದವರು ಮಾರ್ಕೆಟ್ಟಿನಲ್ಲೇ ಕುಸಿದು ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು.

“ಎದೆ ನೋವು ಅಂತಿದ್ರು ಕಣೇ. ಆಸ್ಪತ್ರೆಗೆ ಹೋಗೋಣ ಬನ್ನಿ ಅಂತ ಎಷ್ಟ್ ಸಲ ಹೇಳ್ದೆ. ಬೇಡ, ಸೊಸೇನ ಕೇಳಿದೀನಿ, ಡಾಕ್ಟ್ರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು ಅಂದ್ಬಿಟ್ರು.”