ಅಕ್ಕನಿಗೆ ಒಗ್ಗದ ಕೋವಿ

ಅಕ್ಕನ ಎಡಗೈ ಬಲಗೈಗಿಂತ ಒರಟು. ರಂಬುಟಾನ್ ಹಣ್ಣಿನ ಗೊಂಚಲು ಕತ್ತರಿಸುವ ಕತ್ತರಿ ಉಜ್ಜಿ ಉಜ್ಜಿ ಹೆಬ್ಬೆರಳಿನ ಬುಡದಲ್ಲಿ ಕಂದು ಬಣ್ಣದ ಗಂಟೊಂದು ಬೆಳೆದಿತ್ತು. ಆ ಕೈಯನ್ನು ಅವಳು ಮನೆಯವರ ಮುಂದೆ ಮಾತ್ರ ಧಾರಾಳವಾಗಿ ಬಳಸುತ್ತಿದ್ದಳು. ಈರುಳ್ಳಿ ಹೆಚ್ಚುತ್ತಿರುವಾಗ ಹೊರಗೆ ಯಾರದಾದರೂ ಮೋಟರ್‌ಸೈಕಲ್ ನಿಂತ ಸದ್ದಾದರೆ ಸಾಕು, ಚಾಕು ಎಡಗೈಯಿಂದ ಬಲಗೈಗೆ ಹಾರುತ್ತಿತ್ತು. ಸಾರಿನಲ್ಲಿ ತೇಲುವ ಈರುಳ್ಳಿ ನೋಡಿಯೇ ಯಾರೋ ಬಂದಿದ್ದರು ಎಂದು ನಾನು ಹೇಳಬಲ್ಲವನಾಗಿದ್ದೆ. ಎಡಗೈಯವು ಕಾಗದದಷ್ಟು ತೆಳು, ಬಲಗೈಯವು ಹಲಸಿನ ತೊಳೆಯಷ್ಟು ದಪ್ಪ.

ಅಮ್ಮ ಮನೆಯೊಳಗೆ ಗೊಣಗಿ ಸುಮ್ಮನಾಗುತ್ತಿದ್ದಳು. ಹೊರಗಿನವರ ಮುಂದೆ ಮಾತ್ರ ಬಿಡುತ್ತಿರಲಿಲ್ಲ. "ಹೆಣ್ಣುಮಗಳು ಎಡಗೈಲಿ ನೀಡಿದ್ರೆ ಯಾರೇ ಮುಟ್ತಾರೆ?" ಎನ್ನುತ್ತಿದ್ದಳು.

ಅಪ್ಪ ಕೋಲಾರದ ಕಡೆಯಿಂದ ಎಸ್ಟೇಟಿನ ಲಾರಿ ಓಡಿಸಲು ಮಲೇಶಿಯಾಕ್ಕೆ ಬಂದವರು. ಅವರು ತೀರಿಕೊಂಡ ಮೇಲೆ ಪುಚೊಂಗ್ ಆಚೆಯ ನಮ್ಮ ಸಣ್ಣ ತೋಟವನ್ನು ನಡೆಸಿದವಳು ಅಕ್ಕ. ನಾನು ಆರನೆಯ ತರಗತಿಗೇ ಪುಸ್ತಕ ಮುಚ್ಚಿದವನು. ಮರ ಹತ್ತುವುದು, ಹಣ್ಣು ಹೊರುವುದು, ಉಳಿದ ಹೊತ್ತು ಅವಳ ಬಾಯಿಗೆ ಬೀಳುವುದು ನನ್ನ ಕೆಲಸ. ತೋಟದಾಚೆ ತವರದ ಗಣಿ ತೋಡಿ ಬಿಟ್ಟ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿತ್ತು. ಅದರ ದಂಡೆಯ ಅತ್ತಿಮರ ಹಣ್ಣಾದಾಗ ಸಂಜೆ ಹಸಿರು ಪಾರಿವಾಳಗಳು ಬರುತ್ತಿದ್ದವು. ಪುನೈ ಅಂತ ಅವುಗಳ ಮಲಾಯ್ ಹೆಸರು. ಬಂದವು ಎಂದು ಹೇಳುವಷ್ಟರಲ್ಲಿ ತಲೆಯ ಮೇಲೆ ಹಾದು ಹೋಗಿರುತ್ತಿದ್ದವು. ಅಕ್ಕ ಬುಟ್ಟಿ ಕೆಳಗಿಟ್ಟು, ಖಾಲಿ ತೋಳು ಚಾಚಿ, ಹಿಂಡನ್ನು ಬೆರಳಿನಿಂದಲೇ ಹಿಂಬಾಲಿಸುತ್ತಿದ್ದಳು. "ಹಕ್ಕಿ ಇರೋ ಕಡೆ ಏನ್ ನೋಡ್ತೀಯೋ ಪೆದ್ದ, ಅದು ಹೋಗೋ ಕಡೆ ನೋಡು" ಎಂದು ನನಗೂ ಪಾಠ ಮಾಡುತ್ತಿದ್ದಳು.

ತೋಟ ಅವಳ ಹೆಸರಿನಲ್ಲಿದ್ದುದರಿಂದ ಕೋವಿಗೆ ಅರ್ಜಿ ಹಾಕಿದವಳೂ ಅವಳೇ. ನನಗೆ ಸಿಗುವಂತಿರಲಿಲ್ಲ. ಹಿಂದಿನ ವರ್ಷ ಮಾಮಕ್ ಚಹಾದಂಗಡಿಯ ಮುಂದೆ ಹೊಡೆದಾಡಿ ಪೊಲೀಸ್ ಠಾಣೆ ನೋಡಿ ಬಂದಿದ್ದೆ. ಪರವಾನಗಿ ಕೈಗೆ ಬಂದ ದಿನ ಅಕ್ಕ ನನ್ನ ಚಾದರ ಎಳೆದು ಎಸೆದಳು. "ಏಳೋ ದೊರೆ! ಕೋವಿ ತರೋಣ ನಡಿ!" ಆಗ ಅವಳಿಗೆ ಇಪ್ಪತ್ತಾರು, ನನಗೆ ಇಪ್ಪತ್ತೆರಡು. ಬಸ್ಸಿನಲ್ಲಿ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕಿಟಕಿಗೆ ಜಗಳವಾಡಿದೆವು. ಕೌಲಾಲಂಪುರದಲ್ಲಿ ಜೋಡಿ ಗೋಪುರಗಳು ಆಗಷ್ಟೇ ಎದ್ದು ನಿಂತಿದ್ದವು. ಊರೆಲ್ಲ ಕತ್ತೆತ್ತಿ ನೋಡುತ್ತಿದ್ದರೆ ಅಕ್ಕ ಅತ್ತ ತಿರುಗಲೂ ಇಲ್ಲ. "ಗೋಪುರ ಎಲ್ಲಿಗೂ ಹೋಗಲ್ಲ, ಅಂಗಡಿ ಬಾಗಿಲು ಹಾಕ್ತಾರೆ, ಬಾ" ಅಂದಳು.

ಅಂಗಡಿಯೊಳಗೆ ಎಣ್ಣೆಯ ವಾಸನೆ, ಸಾಲಾಗಿ ನಿಂತ ಕೋವಿಗಳು. ನಾನು ಒಂದೊಂದನ್ನೂ ನೋಡುತ್ತಾ ನಿಂತೆ. ಯಜಮಾನ ಒಬ್ಬ ಚೀನೀ ಮುದುಕ. ನಮ್ಮ ಕಡೆ ಅಂಥವರನ್ನು ತೌಕೆ ಅನ್ನುತ್ತಾರೆ. ಆ ವರ್ಷ ನಮ್ಮ ರಿಂಗಿಟ್ ನಾಣ್ಯದ ಬೆಲೆ ಬಿದ್ದು ಹೊಸ ಕೋವಿ ನಮ್ಮ ಕೈಗೆಟುಕುತ್ತಿರಲಿಲ್ಲ. ತೌಕೆ ಹಳೆಯವು ಮೂರನ್ನು ತೆಗೆದು, ಖಾಲಿ ಎಂದು ಬಿಚ್ಚಿ ತೋರಿಸಿ, ಮೇಜಿನ ಮೇಲಿಟ್ಟ.

ಒಂಟಿ ನಳಿಗೆಯದನ್ನು ನಾನು ಎತ್ತಿ, "ಅಕ್ಕಾ, ಪೊರಕೆಗಿಂತ ಹಗುರ! ಇದೇ ನಿನಗೆ" ಅಂದೆ.

"ಅಮೋಯ್, ಅದು ಬೇಡ ಲಾ" ಎಂದ ತೌಕೆ ಅವಳಿಗೆ. ಅವರು ಹುಡುಗಿಯರನ್ನು ಕರೆಯುವುದೇ ಹಾಗೆ. "ಹಗುರ ಇದ್ದಷ್ಟೂ ಒದೆಯುತ್ತೆ. ಮೊದಲ ದಿನವೇ ಹೆದರಿಸಿದ್ರೆ ಎರಡನೇ ದಿನ ಯಾರು ಮುಟ್ತಾರೆ?"

ಎರಡನೆಯದು ಇಪ್ಪತ್ತು ಬೋರಿನ ಜೋಡಿ ನಳಿಗೆಯದು, ಸಪೂರ, ಹಿಡಿ ಗಿಡ್ಡ. ಕೋವಿಯ ಹಿಡಿಯ ಮರ ಪೂರ್ತಿ ನೆಟ್ಟಗಿರುವುದಿಲ್ಲ. ಹಿಡಿಯುವವರ ಕೆನ್ನೆಗೆ ಹೊಂದುವಂತೆ ತುಸು ಒಂದು ಕಡೆಗೆ ಬಾಗಿರುತ್ತದೆ. ಇದನ್ನು ಯಾವನೋ ಎಡಚ ಎಸ್ಟೇಟ್ ಮ್ಯಾನೇಜರ್ ಮಾಡಿಸಿಕೊಂಡು, ಊರಿಗೆ ಹೋಗುವಾಗ ಮಾರಿದ್ದನಂತೆ. ಅಕ್ಕ ಅದನ್ನು ಎತ್ತಿದಳು. ಯೋಚಿಸದೆಯೇ ಅದು ಅವಳ ಎಡ ಭುಜಕ್ಕೆ ಹೋಗಿ ಕೂತಿತು. ಗೋಡೆಯ ಮೇಲೆ ಹಲ್ಲಿಯೊಂದು ಓಡುತ್ತಿತ್ತು. ನಳಿಗೆಯ ತುದಿ ಅದರ ಮುಂದೆ ಮುಂದೆ, ದಾರ ಕಟ್ಟಿದ ಹಾಗೆ, ಮೂಲೆಯವರೆಗೂ ಹೋಯಿತು. "ಇದೇ ಕಣೋ!" ಎಂದು ಪಿಸುಗುಟ್ಟಿದಳು. ಅವಳ ಕಿವಿಯೆಲ್ಲ ಕೆಂಪಾಗಿತ್ತು.

ಮೂರನೆಯದು ಹನ್ನೆರಡು ಬೋರ್. ಬೋರಿನ ಅಂಕಿ ಇಳಿದಷ್ಟೂ ಕೋವಿ ದೊಡ್ಡದು. ದಪ್ಪ ನಳಿಗೆ, ಉದ್ದ ಹಿಡಿ, ಬಲಗೈಯವರದು. ಅಷ್ಟರಲ್ಲಾಗಲೇ ಅದನ್ನು ನಾನು ನನ್ನ ಭುಜಕ್ಕೆ ಇಟ್ಟು ನೋಡಿದ್ದೆ. ನನಗೆಂದೇ ಹುಟ್ಟಿದ ಹಾಗಿತ್ತು.

"ಅಕ್ಕಾ, ಎಡಗೈ" ಅಂದೆ ಮೆಲ್ಲಗೆ. "ಜನ ನೋಡ್ತಿದ್ದಾರೆ."

ಮೂಲೆಯಲ್ಲಿ ಇಬ್ಬರು ಗಿರಾಕಿಗಳು ಚಹಾ ಕುಡಿಯುತ್ತಿದ್ದರು. ಒಬ್ಬನೂ ನೋಡುತ್ತಿರಲಿಲ್ಲ. ಆದರೂ ಅಕ್ಕ ಬಿಸಿ ಪಾತ್ರೆ ಮುಟ್ಟಿದವಳಂತೆ ಕೋವಿ ಇಳಿಸಿ, ಕೈ ಬದಲಿಸಿದಳು. ಬಲಗಡೆಗೆ ಅದು ಕೂರಲಿಲ್ಲ. ನಾನು ಹನ್ನೆರಡು ಬೋರನ್ನು ಅವಳ ಕೈಗಿತ್ತೆ.

"ತಂಬಿ, ಕೋವಿ ಯಾರಿಗೆ? ನಿನಗಾ, ಅವಳಿಗಾ?" ಎಂದು ತೌಕೆ ಕೇಳಿದ.

"ಅವಳಿಗೇ" ಅಂದೆ. ಅಕ್ಕ ಹನ್ನೆರಡು ಬೋರನ್ನೇ ಕೊಂಡಳು.

ಜನರ ಚಿಂತೆ ನನಗೆ ಎಳ್ಳಷ್ಟೂ ಇರಲಿಲ್ಲ. ಹೆಣ್ಣು ಹೆಂಗಸು, ನಾಲ್ಕು ದಿನಕ್ಕೆ ಬೇಸರವಾಗಿ ಕೋವಿಯನ್ನು ಮೂಲೆಗಿಡುತ್ತಾಳೆ, ಆಮೇಲೆ ತೋಟದೊಳಗೆ ನನ್ನನ್ನು ಕೇಳುವವರು ಯಾರು ಎಂದುಕೊಂಡಿದ್ದೆ. ಅಮ್ಮನ ಬಾಯಿಯ ಮಾತನ್ನು ಕದ್ದು ನನ್ನ ಆಸೆಗೆ ಬಳಸಿಕೊಂಡೆ.

ಅಕ್ಕನಿಗೆ ಬೇಸರವಾಗಲಿಲ್ಲ. ಹಕ್ಕಿ ಹೊಡೆಯಲು ಅನುಮತಿಯಿದ್ದ ತಿಂಗಳುಗಳಲ್ಲಿ ಸಂಜೆ ತಪ್ಪದೆ ಕೆರೆಗೆ ಹೋದಳು. ಹಿಂಡು ಬರುವುದು, ಎದೆ ಬಾಯಿಗೆ ಬರುವುದು, ಢಂ! ಒಂದು ಪುಕ್ಕವೂ ಉದುರುತ್ತಿರಲಿಲ್ಲ. ಕೆನ್ನೆ ಊದಿತು, ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. "ಇವಕ್ಕೆ ನನ್ನ ಗುರುತು ಸಿಕ್ಕಿಬಿಟ್ಟಿದೆ ಕಣೋ, ನಗ್ತಾ ಹೋಗ್ತಾವೆ" ಎಂದು ತಾನೂ ನಗುತ್ತಿದ್ದಳು. ಒಮ್ಮೆ ನಾನು ಕೈ ಚಾಚಿ, "ಬಿಡಕ್ಕಾ, ಇದು ಹೆಂಗಸರ ಕೆಲಸ ಅಲ್ಲ. ಒಂದೇ ಒಂದು ಸಲ ಕೊಡು" ಅಂದೆ.

"ಕಾಗದ ನನ್ನ ಹೆಸರಲ್ಲಿದೆ. ನಿನ್ನ ಕೈಲಿ ಇದನ್ನ ಪೊಲೀಸ್ ನೋಡಿದ್ರೆ ಈ ಸಲ ಬಿಡ್ತಾರಾ? ಅಮ್ಮಂಗೆ ಏನ್ ಹೇಳ್ಲಿ? ನೀನು ಚೀಲ ಹಿಡ್ಕೋ."

ಕೊನೆಕೊನೆಗೆ ಅವಳ ನಗು ಕಡಿಮೆಯಾಯಿತು. ಒಂದು ಮಧ್ಯಾಹ್ನ ಕೋವಿ ಒರೆಸುತ್ತಾ, "ನನ್ನ ಕಣ್ಣಲ್ಲೇ ಏನೋ ಐಬಿದೆ. ಇವತ್ತೂ ಬೀಳದಿದ್ರೆ ವಾಪಸ್ ಕೊಟ್ಟುಬಿಡ್ತೀನಿ" ಅಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಆ ಸಂಜೆ ಮಳೆ ನಿಂತು ನೀರೆಲ್ಲ ತಾಮ್ರದ ಬಣ್ಣವಾಗಿತ್ತು. ಮೊದಲ ಹಿಂಡು ತಪ್ಪಿತು. ಅಕ್ಕ ಸುತ್ತ ನೋಡಿದಳು. "ಯಾರಾದ್ರೂ ಇದ್ದಾರೇನೋ?"

"ಯಾರೂ ಇಲ್ಲ."

"ಹೌದಾ, ಸರಿಯಾಗಿ ನೋಡು."

"ಇಲ್ಲಕ್ಕಾ."

ಅವಳು ಕೋವಿಯನ್ನು ಎಡ ಭುಜಕ್ಕೆ ಎತ್ತಿದಳು. ಉದ್ದ ಹಿಡಿಗೆ ಒಗ್ಗಲು ಕತ್ತನ್ನು ಕೊಕ್ಕರೆಯ ಹಾಗೆ ಚಾಚಬೇಕಾಯಿತು. ಎರಡನೆಯ ಹಿಂಡು ಅತ್ತಿಮರದ ತುದಿ ದಾಟಿ ನುಗ್ಗಿತು. ಢಂ! ಒಂದು ಹಕ್ಕಿ ಗಾಳಿಯಲ್ಲೇ ಮುದುಡಿ, ಕಲ್ಲಿನಂತೆ ನೀರಿಗೆ ಬಿತ್ತು.

ನಾನು ಚಪ್ಪಲಿ ಸಮೇತ ನೀರಿಗೆ ಧುಮುಕಿದೆ. ಹಿಂದಿನಿಂದ ಅಕ್ಕ ಕಿರುಚುತ್ತಿದ್ದಳು, "ಎಡಕ್ಕೆ ಹೋಗೋ ಕುರುಡಾ! ಎಡಕ್ಕೆ!" ಹಕ್ಕಿ ಇನ್ನೂ ಬೆಚ್ಚಗಿತ್ತು. ಅವಳ ಕೈಗಿಟ್ಟಾಗ ಇಬ್ಬರೂ ಕೆಸರಿನಲ್ಲೇ ಕುಣಿದೆವು. ಕುಣಿದು ಸುಸ್ತಾಗಿ ಕುಳಿತ ಮೇಲೆ ಅವಳು ಅಂದಳು, "ಅವತ್ತು ಅಂಗಡೀಲಿ ಆ ಇನ್ನೊಂದನ್ನೇ ತಗೊಂಡಿದ್ರೆ... ಬಿಡು. ನೀನು ನನ್ನ ಮರ್ಯಾದೆ ಹೋಗ್ಬಾರ್ದು ಅಂತ ತಾನೆ ಹೇಳಿದ್ದು."

ಅಷ್ಟು ಖುಷಿಯ ಹೊತ್ತಿನಲ್ಲಿ ನಿಜ ಹೇಳಿದ್ದರೆ ಕೆನ್ನೆಗೊಂದು ಬಿಗಿದು ನಕ್ಕುಬಿಡುತ್ತಿದ್ದಳೋ ಏನೋ. ನಾನು "ಹೂಂ" ಅಂದೆ.

ಅವಳು ವರ್ಷಗಟ್ಟಲೆ ಅದೇ ಕೋವಿಯಲ್ಲಿ, ಕತ್ತು ತಿರುಚಿಕೊಂಡೇ, ಹಕ್ಕಿ ಹೊಡೆದಳು. ಬಿದ್ದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಆ ಇಪ್ಪತ್ತು ಬೋರು ಕೈಯಲ್ಲಿದ್ದರೆ ಹೇಗೆ ಹೊಡೆಯುತ್ತಿದ್ದಳು ಎಂಬುದನ್ನು, ಹಲ್ಲಿಯನ್ನು ಹಿಂಬಾಲಿಸಿದ ಆ ಒಂದು ಕ್ಷಣದಲ್ಲಿ ನೋಡಿದವನು ನಾನೊಬ್ಬನೇ. ಆಮೇಲೆ ಕೆರೆ ಮುಚ್ಚಿ ಮನೆಗಳನ್ನು ಕಟ್ಟಿದರು, ಕೋವಿಯನ್ನು ಠಾಣೆಗೆ ಒಪ್ಪಿಸಿದಳು. ಹೋದ ವರ್ಷ ಎದೆನೋವು ಅಂತ ಮಲಗಿದವಳು ಏಳಲಿಲ್ಲ.

ಕಾರ್ಯ ಮುಗಿಸಿ ಬರುವಾಗ ಕಾರಿನಲ್ಲಿ ಅವಳ ಮಗಳು ನನ್ನ ತೋಳು ಹಿಡಿದು ಕುಳಿತಿದ್ದಳು. ಇಲ್ಲೇ ಬೆಳೆದ ಹುಡುಗಿ, ಕನ್ನಡ ಅಪರೂಪ. "ಮಾಮಾ, ಅಮ್ಮ ಯಾವಾಗಲೂ ಹೇಳ್ತಿದ್ಲು, ಶಿ ವಾಸ್ ಎ ಬ್ಯಾಡ್ ಶಾಟ್ ಅಂತ. ಟ್ರೂ ಆ?"

"ಸುಳ್ಳು" ಅಂದೆ. "ಅವಳ ಗುರಿ ಚೆನ್ನಾಗೇ ಇತ್ತು. ಅವಳಿಗೆ ಹೊಂದೋ ಕೋವಿ ಅಂಗಡೀಲಿತ್ತು. ನಾನು ತಗೊಳ್ಳೋಕೆ ಬಿಡಲಿಲ್ಲ."

"ವೈ?"

"ಇನ್ನೊಂದು ನನಗೆ ಬೇಕಿತ್ತು ಮಗಳೇ."

ಅವಳು ನನ್ನ ತೋಳಿನಿಂದ ಕೈ ತೆಗೆದು ಕಿಟಕಿಯ ಕಡೆಗೆ ತಿರುಗಿದಳು.