ನಾಯಿಗೆ ಬೊಗಳಲು ಕಲಿಸಿದ ಬಸಣ್ಣೆಪ್ಪ ಮಾಸ್ತರು

ಬಸಣ್ಣೆಪ್ಪ ಮಾಸ್ತರು ಬೆಕ್ಕಿಗೆ ಕಷಾಯ ಕೊಟ್ಟರೆ ಅದರಲ್ಲಿ ಅರ್ಧವನ್ನು ಬೆಕ್ಕು ಸಾಕಿದವರೂ ಕುಡಿಯಬೇಕಾಗಿತ್ತು. ನಾಯಿಗೆ ಉಪವಾಸ ಹೇಳಿದರೆ ನಾಯಿಯ ಯಜಮಾನನಿಗೂ ಆ ಹೊತ್ತು ರೊಟ್ಟಿಯಿಲ್ಲ. ಗಿಳಿಯ ಕಾಲಿಗೆ ಬೇವಿನೆಣ್ಣೆ ತಿಕ್ಕಿದ ಮೇಲೆ ಬಟ್ಟಲಲ್ಲಿ ಉಳಿದದ್ದನ್ನು ಪಂಜರದ ಒಡೆಯನ ಅಂಗಾಲಿಗೆ ತಿಕ್ಕಿಯೇ ಅವರು ಮೇಲೇಳುತ್ತಿದ್ದರು. ಯಾರಾದರೂ ತಕರಾರು ಮಾಡಿದರೆ ಉತ್ತರ ಸಿದ್ಧವಾಗಿತ್ತು: "ರೋಗ ಬರೇ ಮೈಯಾಗ ಇರೂದಿಲ್ಲಪಾ, ಮನ್ಯಾಗ ಇರತೈತಿ. ಮನೀಗೆ ಔಷಧ ಕುಡಿಸಾಕ ಬರೂದಿಲ್ಲ. ಅದಕ್ಕ ನೀ ಕುಡಿ."

ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಸೊಸೆಯಾಗಿ ಬಂದಾಗ ಅವರು ನಮ್ಮ ಪಕ್ಕದ ಮನೆಯವರು. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಲಗೇರಿಯ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ಕಲಿಸಿ ದಣಿದು ಪೆನ್ಶನ್ ತೆಗೆದುಕೊಂಡಿದ್ದರು. ತಲೆಗೆ ಕರಿ ಟೊಪ್ಪಿಗೆ, ಬೇಸಿಗೆಯಲ್ಲೂ ಮೈಮೇಲೊಂದು ಕೋಟು. ಎಡ ಕಿಸೆಯಲ್ಲಿ ಅಜವಾನ, ಬಲ ಕಿಸೆಯಲ್ಲಿ ಒಣಶುಂಠಿ, ಒಳಗಿಸೆಯಲ್ಲಿ ಹಾವೇರಿಯ ಯಾಲಕ್ಕಿ. ಅವರು ಓಣಿಯಲ್ಲಿ ಹಾದುಹೋದರೆ ಯಾರದೋ ಮನೆಯಲ್ಲಿ ಬಾಳಂತಿ ಇದ್ದಾಳೇನೋ ಎನ್ನುವಂಥ ವಾಸನೆ.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದರೆ ಮಾಸ್ತರು ನಾಚದೆ ಹೇಳುತ್ತಿದ್ದರು. ಹಲಗೇರಿಯ ಶಾಲೆಯ ಪಡಸಾಲೆಯಲ್ಲಿ ಒಂದು ಕುಂಟ ನಾಯಿ ಮಲಗುತ್ತಿತ್ತಂತೆ. ಹೊಟ್ಟೆ ಕೆಟ್ಟರೆ ತಾನೇ ಹೋಗಿ ಗರಿಕೆ ತಿನ್ನುವುದು, ಗಾಯವಾದರೆ ನೆಕ್ಕಿಕೊಳ್ಳುವುದು, ಬೇಸರವಾದರೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗುವುದು. "ಅದು ನನ್ನ ಗುರು. ನಾ ಅದರ ದಡ್ಡ ಶಿಷ್ಯಾ."

ಎತ್ತು, ಎಮ್ಮೆಗಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. "ಹಾಲು ಕೊಡೂ ಎಮ್ಮಿಗೆ ಬ್ಯಾನಿ ಬಂದ್ರ ಊರ ಮಂದಿ ಎಲ್ಲಾ ಓಡಿ ಬರ್ತಾರ. ಏನೂ ಕೊಡಲಾರದ ಬೆಕ್ಕಿಗೆ ಯಾರ ಬರ್ತಾರ?" ಹುಚ್ಚುನಾಯಿ ಕಡಿದ ಪ್ರಾಣಿಯನ್ನು ತಂದರೆ ಅವರ ನಗೆಯೆಲ್ಲ ಇಂಗಿಹೋಗುತ್ತಿತ್ತು. "ಇದು ನನ್ನ ಪಾಠ ಅಲ್ಲ. ನೀವೆಲ್ಲಾರೂ ಮೊದಲ ಸರಕಾರಿ ದವಾಖಾನಿಗೆ ನಡೀರಿ, ಸೂಜಿ ಹಾಕಿಸಿಕೊಳ್ಳ್ರಿ" ಎಂದು ಬೆನ್ನುಹತ್ತಿ ಕಳಿಸುತ್ತಿದ್ದರು.

ಬೆಳಗಿನ ಹೊತ್ತು ಅವರ ಕಟ್ಟೆಯ ಮೇಲೆ ರೋಗಿಗಳ ಶಾಲೆ ಸೇರುತ್ತಿತ್ತು. ಮಾಸ್ತರಿಗೆ ಹಾಜರಿ ಕರೆಯುವ ಚಾಳಿ ಹೋಗಿರಲಿಲ್ಲ. ಪಾಟಿಯ ಮೇಲೆ ಬರೆದುಕೊಂಡ ಹೆಸರು ಓದುವರು: "ಕಾಳ್ಯಾ!" ನಾಯಿಯ ಪರವಾಗಿ ಬಡಿಗೇರ ಮೌನೇಶಪ್ಪ ಎದ್ದುನಿಂತು "ಹಾಜರ್ ರೀ" ಅನ್ನಬೇಕು. ಒಮ್ಮೆ ಕೂತೇ ಹೇಳಿದ್ದಕ್ಕೆ, ಐವತ್ತು ದಾಟಿದ ಆ ಮನುಷ್ಯನನ್ನು ಎರಡನೇ ಸಲ ಹೇಳಿಸಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ.

ಇದನ್ನೆಲ್ಲ ಸಹಿಸಿಕೊಂಡಿದ್ದವರು ಅವರ ಹೆಂಡತಿ ಗುರವ್ವ. ಸಹಿಸಿಕೊಂಡಿದ್ದರು ಅಂದರೆ, ಬೈದುಕೊಂಡು ಸಹಿಸಿಕೊಂಡಿದ್ದರು.

"ಊರಾಗಿನ ಬೆಕ್ಕಿಗೆಲ್ಲಾ ಆರೈಕಿ ಮಾಡ್ತೀರಿ. ನನ್ನ ಮೊಣಕಾಲು ಹಿಡದು ತಿಂಗಳಾತು, ಕೇಳೀರೇನು?"

"ನಿನಗ ಬಾಲ ಇಲ್ಲಲ್ಲ ಗುರವ್ವಾ. ಬ್ಯಾನಿ ಎಷ್ಟೈತಿ ಅಂತ ನನಗ ಹ್ಯಾಂಗ ತಿಳೀಬೇಕು?"

ನಮ್ಮ ಅತ್ತೆಗೆ ಒಂದು ಬೆಕ್ಕಿತ್ತು, ಬಂಗಾರಿ ಅಂತ. ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಸಿಟ್ಟಿಗಲ್ಲ, ಅದು ಅವರ ಪದ್ಧತಿ. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. "ನೋಡ ಬಂಗಾರಿ, ಬ್ಯಾಡಗಿ ಮಂದಿ ಸಾರಿಗೆ ಎಷ್ಟು ಖಾರ ಸುರೀತಾರ" ಎಂದರೆ ನಾನು ಮರುದಿನ ಖಾರ ಕಡಿಮೆ ಮಾಡಬೇಕು. ಮೂರು ತಿಂಗಳು ನಮ್ಮ ಸಂಸಾರ ಹೀಗೆ ಬೆಕ್ಕಿನ ಮೂಲಕವೇ ನಡೆಯಿತು. ಆಮೇಲೆ ಬಂಗಾರಿ ಹಾಲು ಬಿಟ್ಟಿತು. ಎರಡು ದಿನ ಅತ್ತೆಯೂ ಸರಿಯಾಗಿ ಉಣ್ಣಲಿಲ್ಲ. ಮನೆಯಲ್ಲಿ ಮಾತೇ ನಿಂತುಹೋಯಿತು. ಯಾರಿಗೆ ಹೇಳಬೇಕು?

ಮಾಸ್ತರು ಬಂದರು. ಬಂಗಾರಿಯ ಬಾಲದ ಬುಡಕ್ಕೆ ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು.

"ಇದರ ಹೊಟ್ಟಿ ತುಂಬೇತಿ ಕಾಳವ್ವಾ."

"ಹಾಲ ಮುಟ್ಟವಲ್ದು, ಹೊಟ್ಟಿ ಯಾತರಲಿಂದ ತುಂಬತೈತ್ರಿ?"

"ಮಾತಿನಿಂದ. ಮನುಷ್ಯಾರಿಗೆ ಆಡೂ ಮಾತೆಲ್ಲಾ ಇದರ ಹೊಟ್ಯಾಗ ಹೊಂಟಾವು. ಎಷ್ಟಂತ ತಡಕೊಂಡೀತು?" ಎಂದು ಬೇವಿನ ತೊಗಟೆಯ ಕಷಾಯ ಕುದಿಸಲು ಹೇಳಿದರು. ಬಂಗಾರಿಗೆ ಎರಡು ಹನಿ ನೆಕ್ಕಿಸಿದರು. ಉಳಿದ ಬಟ್ಟಲನ್ನು ಅತ್ತೆಯ ಮುಂದೆ ಹಿಡಿದರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಮನೀ ಪರವಾಗಿ ಯಾರರೆ ಒಬ್ರು ಕುಡೀಲೇಬೇಕು" ಎಂದರು ಮಾಸ್ತರು.

ನಾನು ಬಟ್ಟಲು ತೆಗೆದುಕೊಂಡು ಗಟಗಟನೆ ಕುಡಿದೆ. ಭಕ್ತಿಯಿಂದಲ್ಲ, ಬೆಕ್ಕು ಬದುಕದಿದ್ದರೆ ಈ ಮನೆಯಲ್ಲಿ ನನಗೆ ಯಾರ ಮೂಲಕ ಬೈಗುಳ ಬರಬೇಕು ಎಂಬ ಗಾಬರಿಯಿಂದ. ಕಣ್ಣಲ್ಲಿ ನೀರು ಬಂತು. ನಾಲಿಗೆ ಹೊರಗೆ ಚಾಚಿ ಪಡಸಾಲೆ ತುಂಬ ಓಡಾಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದವರು ಬೆಕ್ಕಿನ ಕಡೆ ತಿರುಗಿದರು, ಯಾಕೋ ಬಾಯಿ ಮುಚ್ಚಿದರು, ಮತ್ತೆ ನನ್ನ ಕಡೆ ತಿರುಗಿ ಹೇಳಿದರು: "ಬೆಲ್ಲ ತಿನ್ನು. ನೆಲುವಿನ ಮ್ಯಾಲ ಐತಿ." ಅವರು ನೇರವಾಗಿ ನನಗೆ ಹೇಳಿದ ಮೊದಲನೇ ಮಾತು ಅದು.

ಬಂಗಾರಿ ಎರಡು ಮನೆಯಾಚೆ ಹಾಲಿನ ಸಿದ್ದವ್ವನ ಕೊಟ್ಟಿಗೆಯಲ್ಲಿ ದಿನಾ ಕೆನೆ ತಿಂದು ಬರುತ್ತಿತ್ತೆಂದು ಹದಿನೈದು ದಿನದ ಮೇಲೆ ತಿಳಿಯಿತು. ಮಾಸ್ತರಿಗೆ ಹೇಳಿದೆ. ಅವರು ಸ್ವಲ್ಪವೂ ಅಳುಕಲಿಲ್ಲ. "ಹೊಟ್ಟಿ ತುಂಬೇತಿ ಅಂತ ನಾ ಹೇಳಿದ್ನೋ ಇಲ್ಲೋ?"

ಎಲ್ಲ ಔಷಧಗಳೂ ಹೀಗೆ ಗುರಿ ಮುಟ್ಟುತ್ತಿರಲಿಲ್ಲ. ಬ್ಯಾಡಗಿಯಲ್ಲಿ ನಮ್ಮ ಸೋದರಮಾವನದು ಮೆಣಸಿನಕಾಯಿ ಅಡತಿ ಅಂಗಡಿ. ಅಲ್ಲಿದ್ದ ಗಿಳಿ ಹಮಾಲರ ಬಾಯಿಂದ ಕಲಿಯಬಾರದ್ದನ್ನೆಲ್ಲ ಕಲಿತು, ಗಿರಾಕಿಗಳಿಗೆ ಕತ್ತೆ ಎನ್ನುತ್ತಿತ್ತು. ಮಾಸ್ತರು ರೈಲಿನಲ್ಲಿ ಹೋಗಿ ಅದನ್ನು ಪರೀಕ್ಷಿಸಿ, ಅಂಗಡಿಯ ಘಾಟಿಗೆ ತಾವೇ ನಲವತ್ತು ಸಲ ಸೀನಿ, "ಸತ್ಸಂಗ ಬೇಕು" ಎಂದರು. ಗಿಳಿಯನ್ನು ಒಂದು ತಿಂಗಳು ಗುಡಿಯ ಪಡಸಾಲೆಯಲ್ಲಿ, ಭಜನೆ ನಡೆಯುವ ಕಡೆ ತೂಗುಹಾಕಿದರು. ತಿರುಗಿ ಬಂದ ಗಿಳಿ ಗಿರಾಕಿಯನ್ನು ನೋಡಿ ಇಂಪಾಗಿ, ರಾಗವಾಗಿ ಹಾಡಿತು: "ಶಿವ ಶಿವಾ... ಚೀಲಾ ಎತ್ತಲೇ ಕತ್ತೀ..." ಮಾವ ತಲೆ ಹಿಡಿದುಕೊಂಡ. ಮಾಸ್ತರು ಮಾತ್ರ ಸಂತೋಷಪಟ್ಟರು. "ಅರ್ಧಾ ವಾಸಿ ಆಗೇತಿ. ಮುಂದಿನ ತಿಂಗಳು ಇನ್ನರ್ಧಾ."

ಆದರೆ ಇಡೀ ರಾಣೆಬೆನ್ನೂರು ನೆನಪಿಟ್ಟದ್ದು ಫೌಜದಾರರ ನಾಯಿಯ ಚಿಕಿತ್ಸೆಯನ್ನು.

ಆಗ ನಮ್ಮೂರಿಗೆ ಹೊಸದಾಗಿ ಬಂದಿದ್ದ ಪೊಲೀಸ್ ಫೌಜದಾರರಿಗೆ ಕರುವಿನಷ್ಟು ಎತ್ತರದ ಒಂದು ನಾಯಿಯಿತ್ತು. ಹೆಸರು ಟೈಗರ್. ಯಾರೋ ಬಿಳಿ ಸಾಹೇಬರು ವಿಲಾಯತಿಗೆ ಹೋಗುವಾಗ ಕೊಟ್ಟುಹೋದದ್ದಂತೆ. ಅದು ಬೊಗಳುತ್ತಿರಲಿಲ್ಲ. ಯಾರು ಬಂದರೂ ನೋಡುವುದು, ನಿಟ್ಟುಸಿರು ಬಿಡುವುದು, ಮಗ್ಗಲು ಬದಲಿಸುವುದು. ಒಂದು ಮಧ್ಯಾಹ್ನ ಅಂಗಳದಲ್ಲಿ ಒಣಹಾಕಿದ್ದ ಫೌಜದಾರರ ಸರಕಾರಿ ಚಡ್ಡಿಯನ್ನೇ ಕಳ್ಳ ಎತ್ತಿಕೊಂಡು ಹೋದ. ಟೈಗರ್ ಅವನನ್ನು ಗೇಟಿನವರೆಗೆ ಕಳಿಸಿಬಂತು ಎಂದು ಊರವರು ಆಡಿಕೊಂಡರು. ಫೌಜದಾರರ ಮೀಸೆಯ ಮುಂದೆ ಯಾರೂ ನಗುವಂತಿರಲಿಲ್ಲ. ಬೆನ್ನ ಹಿಂದೆ ನಗದವರಿರಲಿಲ್ಲ. ಅವರು ಮಾಸ್ತರನ್ನು ಕರೆಸಿದರು.

"ಎಂಟು ದಿನ ಕೊಡ್ತೇನಿ ಮಾಸ್ತರ. ಬೊಗಳಿದ್ರ ಬೊಗಳ್ತು. ಇಲ್ಲಾಂದ್ರ ಗುಂಡು ಹಾಕ್ತೇನಿ."

"ಯಾರಿಗ್ರಿ ಸಾಹೇಬ್ರ, ನನಗೋ, ನಾಯಿಗೋ?"

"ಅದನ್ನ ಒಂಬತ್ತನೇ ದಿನಾ ಹೇಳ್ತೇನಿ."

ಮಾಸ್ತರು ಅಂದು ನಗುತ್ತ ಬಂದರೂ ಊಟಕ್ಕೆ ಕೂಡಲಿಲ್ಲ ಎಂದು ಗುರವ್ವ ನನಗೆ ಹೇಳಿದರು. ಟೈಗರ್‌ನ ಗಂಟಲಿಗೆ ಯಾಲಕ್ಕಿ ನೀರು, ಎದೆಗೆ ಎಳ್ಳೆಣ್ಣೆ, ಕಿವಿಗೆ ಬೆಚ್ಚಗಿನ ಶಾಖ, ಎಲ್ಲ ಆಯಿತು. ನಾಲ್ಕನೇ ದಿನ ಹೊಸ ವಿಚಾರ ಹೊಳೆಯಿತು. ನಾಯಿ ಚಿಕ್ಕಂದಿನಲ್ಲೇ ತಾಯಿಯಿಂದ ಬೇರೆಯಾಗಿದೆ. ಅದರ ಮುಂದೆ ಯಾರೂ ಬೊಗಳಿಲ್ಲ. ಕೇಳದೆ ಇದ್ದ ಮಾತನ್ನು ಕೂಸು ಹೇಗೆ ಕಲಿಯುತ್ತದೆ? ಆದ್ದರಿಂದ ಯಜಮಾನನೇ ಬೊಗಳಿ ತೋರಿಸಬೇಕು.

ಫೌಜದಾರರು ಹೇಗೆ ಒಪ್ಪಿದರೋ ದೇವರೇ ಬಲ್ಲ. ಆ ನಾಯಿಯ ಮೇಲೆ ಅವರಿಗೆ ಹೊರಗೆ ತೋರಿಸದ ಮಮತೆ ಇತ್ತೆಂದೇ ನನ್ನ ನಂಬಿಕೆ. ಮರುದಿನ ಬೆಳಿಗ್ಗೆ ನಾವು ನಾಲ್ಕಾರು ಹೆಣ್ಣುಮಕ್ಕಳು ಕೊಡ ಹಿಡಿದು ಕೆರೆಗೆ ಹೋದಾಗ ಏರಿಯ ಆಚೆಯಿಂದ ಮಾಸ್ತರ ದನಿ ಕೇಳಿತು.

"ಗಂಟಲದಿಂದ ಬ್ಯಾಡ್ರಿ ಸಾಹೇಬ್ರ, ಎದಿಯಿಂದ ಬರ್ಲಿ. ಇನ್ನೊಮ್ಮೆ ಅನ್ರಿ."

"ಬೌ."

"ಇದು ಫಿರ್ಯಾದಿ ಬರಕೊಂಡಂಗಾತು. ಕಳ್ಳ ಬಂದಾನ ಅಂತ ತಿಳೀರಿ. ಚಡ್ಡಿ ಒಯ್ಯಾಕತ್ತಾನ!"

"ಬೌ! ಬೌ! ಬೌ ಬೌ ಬೌ!"

ಏರಿ ಹತ್ತಿ ಇಣುಕಿದೆವು. ಫೌಜದಾರರು ಪೂರಾ ಪೋಷಾಕಿನಲ್ಲಿ ನೆಲಕ್ಕೆ ಎರಡೂ ಕೈ ಊರಿ ನಿಂತಿದ್ದರು. ಮಾಸ್ತರು ಬೆತ್ತದಿಂದ ತಾಳ ಹಾಕುತ್ತಿದ್ದರು. ಟೈಗರ್ ಇಬ್ಬರನ್ನೂ ನೋಡಿ ಆಕಳಿಸಿತು. ಸೆರಗು ಬಾಯಿಗೆ ತುರುಕಿಕೊಂಡರೂ ನಮ್ಮಲ್ಲೊಬ್ಬಳ ಕೊಡ ಕೈಜಾರಿ ಢಣಢಣ ಉರುಳುತ್ತ ನೇರ ಫೌಜದಾರರ ಮುಂದೆ ಹೋಗಿ ನಿಂತಿತು. ನಾವು ನೀರು ತಾರದೆ ಓಡಿದೆವು.

ಸೂರ್ಯ ನೆತ್ತಿಗೆ ಬರುವ ಮೊದಲೇ ಊರು ತುಂಬ ಸುದ್ದಿ. ಪೇಟೆಯಲ್ಲಿ ಯಾರೋ ಮರೆಯಲ್ಲಿ ನಿಂತು "ಬೌ" ಎಂದರು. ಫೌಜದಾರರ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. ಇಬ್ಬರು ಪೊಲೀಸರು ಬಂದು ಮಾಸ್ತರನ್ನು ಕರೆದೊಯ್ದರು. ಗುರವ್ವ ಬಾಗಿಲಲ್ಲೇ ಕೂತರು. ನಾನು ಅವರ ಕೈ ಹಿಡಿದುಕೊಂಡು ಕೂತೆ. ಆ ದಿನಗಳಲ್ಲಿ ಠಾಣೆಯೊಳಗೆ ಹೋದವರು ಯಾವಾಗ ಹೊರಗೆ ಬಂದಾರು ಎಂದು ಹೇಳುವಂತಿರಲಿಲ್ಲ.

ಮುಂದಿನದನ್ನು ಕಣ್ಣಾರೆ ಕಂಡವರು ನಮ್ಮ ಯಜಮಾನರು. ಅವರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಪೊಲೀಸ್ ಠಾಣೆ ಅದೇ ಆವರಣದಲ್ಲಿತ್ತು. ಫೌಜದಾರರು ಮೇಜು ಗುದ್ದಿ ಗುಡುಗಿದರಂತೆ. "ಊರಾಗ ನನ್ನ ಮಾನಾ ಹರಾಜು ಹಾಕಿದಿ! ಒಳಗ ಹಾಕ್ತೇನಿ ನಿನ್ನ, ಮುದುಕಾ!" ಎಂದು ಮಾಸ್ತರ ಕೋಟಿನ ಕಾಲರಿಗೆ ಕೈಹಾಕಿದರು. ಟೊಪ್ಪಿಗೆ ಕೆಳಗೆ ಬಿತ್ತು. ಅಜವಾನ ಚೆಲ್ಲಿತು.

ಆಗ ಮೂಲೆಯಲ್ಲಿ ಮಲಗಿದ್ದ ಟೈಗರ್ ಎದ್ದು ನಿಂತಿತು. ಬಂದು ಮಾಸ್ತರಿಗೂ ಫೌಜದಾರರಿಗೂ ನಡುವೆ ಕಾಲೂರಿ, ಸಾಕಿದ ಒಡೆಯನ ಮುಖಕ್ಕೆ ನೇರವಾಗಿ ಬೊಗಳಿತು. ಕಿಟಕಿಯ ಗಾಜು ನಡುಗುವಂತೆ ಬೊಗಳಿತು. ಮಾಮಲೇದಾರರು ಸಹಿ ಮಾಡುತ್ತಿದ್ದ ಕಾಗದದ ಮೇಲೆ ಮಸಿ ಚೆಲ್ಲಿಕೊಂಡರು.

ಫೌಜದಾರರ ಕೈ ತಾನಾಗಿಯೇ ಸಡಿಲಿತು. ಅವರು ಮಗುವಿನ ಹಾಗೆ ಕೂಗಿದರಂತೆ: "ಮಾಸ್ತರ, ಬೊಗಳಾಕತ್ತೇತ್ರೀ! ಖರೇನ ಬೊಗಳಾಕತ್ತೇತಿ!"

ಮಾಸ್ತರು ಟೊಪ್ಪಿಗೆ ಎತ್ತಿ ಧೂಳು ಕೊಡವಿದರು. "ಉಚ್ಚಾರ ಛಲೋ ಐತ್ರಿ. ನಿಮ್ಮ ಎದಿಯಿಂದನ ಕಲತೈತಿ."

ಫೌಜದಾರರೇ ಬಗ್ಗಿ ಅಜವಾನ ಆರಿಸಿ ಕೊಟ್ಟರಂತೆ. ಮನೆಗೆ ಬಂದ ಗಂಡನನ್ನು ಗುರವ್ವ ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಬಿಸಿ ರೊಟ್ಟಿ ಬಡಿಯತೊಡಗಿದರು. ಆ ದಿನದ ರೊಟ್ಟಿ ಬಡಿತ ನಮ್ಮ ಮನೆಯವರೆಗೆ ಕೇಳುತ್ತಿತ್ತು. ಟೈಗರ್ ಅಂದಿನಿಂದ ಬಾಯಿ ಮುಚ್ಚಲಿಲ್ಲ. ಫೌಜದಾರರಿಗೆ ಬದಲಿಯಾಗುವವರೆಗೂ ಆ ಓಣಿಯವರು ಮಧ್ಯಾಹ್ನ ಕಣ್ಣು ಮುಚ್ಚಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಯಜಮಾನರಿಗೆ ಹಾವೇರಿಗೆ ಬದಲಿಯಾಯಿತು. ಒಂದು ದಿನ ಬ್ಯಾಡಗಿಯಿಂದ ಬರುವ ತಮ್ಮನನ್ನು ಕರೆತರಲು ಸ್ಟೇಶನ್ನಿಗೆ ಹೋಗಿದ್ದೆ. ಗಾಡಿ ನಿಂತಾಗ ಒಂದು ಕಿಟಕಿಯಲ್ಲಿ ಕರಿ ಟೊಪ್ಪಿಗೆ ಕಂಡಿತು. ಮಾಸ್ತರು. ಕೋಟು ಮೊಳೆಗೆ ತೂಗುಹಾಕಿದಷ್ಟು ಸಡಿಲವಾಗಿತ್ತು. ಪಕ್ಕದಲ್ಲಿ ಗುರವ್ವ.

"ಎಲ್ಲಿಗೆ ಹೊಂಟೀರಿ ಮಾಸ್ತರ?"

"ಹುಬ್ಬಳ್ಳಿ ದೊಡ್ಡ ದವಾಖಾನಿಗೆವ್ವಾ."

"ಯಾರ ನಾಯಿಗೆ ಆರಾಮಿಲ್ರಿ?"

"ನಾಯಿ ಅಲ್ಲವ್ವಾ, ನಾನ" ಎಂದರು, ತಪ್ಪು ಮಾಡಿದವರಂತೆ. ಗುರವ್ವ ಆಚೆ ಮುಖ ಮಾಡಿದರು. ಮಾಸ್ತರು ಕಿಟಕಿಗೆ ಬಾಗಿ ದನಿ ತಗ್ಗಿಸಿದರು. "ಒಂದು ಚಿಂತಿ ಹತ್ತೇತಿ ತಂಗೀ. ಅಲ್ಲಿ ಡಾಕ್ಟರು 'ಏನಾಗತೈತಿ, ಹೇಳ್ರಿ' ಅಂತ ಕೇಳ್ತಾರಂತ. ನನ್ನ ರೋಗಿಗಳು ಒಬ್ರರೆ ಯಾವಾಗರೆ ಬಾಯಿ ಬಿಟ್ಟು ಹೇಳ್ಯಾರೇನು? ಏನಂತ ಹೇಳೂದು? ನನಗ ರೂಢಿ ಇಲ್ಲವ್ವಾ."

ನಾನು ನಕ್ಕೆ. ಅವರೂ ನಕ್ಕರು, ನಗು ಕೆಮ್ಮಾಯಿತು. ಗಾಡಿ ಸಿಳ್ಳೆ ಹಾಕಿತು. "ನಿಮ್ಮ ಅತ್ತೀಗೆ ಶರಣ ಹೇಳು" ಎಂದದ್ದು ಅರ್ಧ ಮಾತ್ರ ಕೇಳಿಸಿತು.

ಅವರು ಹುಬ್ಬಳ್ಳಿಯಿಂದ ಬದುಕಿ ಬರಲಿಲ್ಲ. ಮುಂದೆ ನಾನು ರಾಣೆಬೆನ್ನೂರಿಗೆ ಹೋದಾಗ ಗುರವ್ವ ಹೇಳಿದರು. ಡಾಕ್ಟರು ಸಣ್ಣ ವಯಸ್ಸಿನವರಂತೆ. ಏನಾಗುತ್ತದೆ ಹೇಳಿ ಎಂದು ಮೂರು ಸಲ ಕೇಳಿದರಂತೆ. ಮಾಸ್ತರು ನಾಲಿಗೆ ಹೊರಗೆ ಚಾಚಿ, ಅವರ ಮುಖವನ್ನೇ ನೋಡುತ್ತ ಕೂತರಂತೆ. ಡಾಕ್ಟರು ಮತ್ತೆ ಕೇಳಲಿಲ್ಲ. ಕೈಲಿದ್ದ ಕಾಗದ ಕೆಳಗಿಟ್ಟು, ಅವರ ಟೊಪ್ಪಿಗೆ ತೆಗೆದು, ತಲೆಯ ಮೇಲೆ ಬಹಳ ಹೊತ್ತು ಕೈಯಾಡಿಸಿದರಂತೆ.